ಬಿಚ್ಚಿ ಜೋಡಿಸಿದ ಪಂಪ್‌ಸೆಟ್ ಎಂಜಿನ್ ಚಾಲೂ ಆಗದಿದ್ದರೆ

ಚಳ್ಳಕೆರೆ ಸೀಮೆಯ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಒಬ್ಬ ರೈತ ಮುಂಗಾರಿನಲ್ಲಿ ಶೇಂಗಾ ಬಿತ್ತಿದ್ದಾನೆಂದು ಭಾವಿಸಿರಿ. ಬೆಳೆಗೆ 45 ದಿನಗಳಾಗಿವೆ. ಹೂವಿನಿಂದ ಇಳಿದ ಸೂಜಿಗಳು ಮಣ್ಣು ಹೊಗುವ ಕಾಲ. ಮಳೆ ಕೈಕೊಟ್ಟು ಎರಡು ವಾರಗಳಾಗಿವೆ. ನೆಲ ಗಟ್ಟಿಯಾದರೆ ಸೂಜಿ ಒಳಕ್ಕಿಳಿಯದು. ಸೂಜಿ ಇಳಿಯದಿದ್ದರೆ ಕಾಯಿ ಕಟ್ಟದು. ಕೃಷಿ ಹೊಂಡದಲ್ಲಿ ನೀರಿದೆ. ಹೊಂಡದ ದಡದಲ್ಲಿ 5 ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟೂ ಇದೆ. ಹೊಗೆ ಹೆಚ್ಚಾಯಿತು, ಆಯಿಲ್ ಬೇಗ ಖರ್ಚಾಗುತ್ತಿದೆ ಎಂದು ಅದನ್ನು ಪಟ್ಟಣಕ್ಕೆ ಒಯ್ದು ಲೈನರ್, ಪಿಸ್ಟನ್, ರಿಂಗು ಮತ್ತು ಬೇರಿಂಗುಗಳನ್ನು ಹೊಸದಾಗಿ ಹಾಕಿಸಿ ತಂದದ್ದಾಗಿದೆ. ಆದರೆ ಬೆಳಗಿನಿಂದ ಮೂವರು ಸರದಿಯಂತೆ ಹ್ಯಾಂಡಲ್ ತಿರುಗಿಸಿದರೂ ಎಂಜಿನ್ ಚಾಲೂ ಆಗುತ್ತಿಲ್ಲ.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ. "ಒಳಗೆ ಏನೋ ತಪ್ಪಾಗಿದೆ" ಎಂದು ಹೆಡ್ಡನ್ನು ಮತ್ತೆ ಬಿಚ್ಚಲಾಗುತ್ತದೆ. ಹೊಸ ಗ್ಯಾಸ್ಕೆಟ್ ಹಾಳಾಗುತ್ತದೆ. ತೆರೆದ ಸಿಲಿಂಡರಿನೊಳಕ್ಕೆ ಹೊಲದ ಧೂಳು ಸೇರುತ್ತದೆ. ಎರಡು ಮೂರು ದಿನಗಳು ಕಳೆಯುತ್ತವೆ. ಕೊನೆಗೆ ನೋಡಿದರೆ ದೋಷವಿದ್ದದ್ದು ಡೀಸೆಲ್ ಪೈಪಿನ ಒಂದು ತಾಮ್ರದ ವಾಷರಿನಲ್ಲಿ! ಎಂಜಿನ್ನಿಗಾದ ಖರ್ಚಿಗಿಂತ ಆ ಮೂರು ದಿನಗಳಲ್ಲಿ ಬೆಳೆಗಾದ ನಷ್ಟವೇ ದೊಡ್ಡದಾಗಿರುತ್ತದೆ.

ನಮ್ಮ ರಾಜ್ಯದಲ್ಲಿ ನೀರಾವರಿ ಪಂಪುಗಳು ಬಹುಮಟ್ಟಿಗೆ ವಿದ್ಯುತ್ತಿನಿಂದ ನಡೆಯುತ್ತವೆ. ಆದರೂ ಹೊಳೆ, ಹಳ್ಳ, ಕಾಲುವೆಗಳ ದಂಡೆಯಲ್ಲಿ ಮತ್ತು ಕೃಷಿ ಹೊಂಡಗಳಲ್ಲಿ ಡೀಸೆಲ್ ಎಂಜಿನ್ ಇಂದಿಗೂ ಬೇಕು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟಿಗೂ ಸಹಾಯಧನವಿತ್ತು. ಆದ್ದರಿಂದ ರಿಪೇರಿಯಾಗಿ ಬಂದ ಎಂಜಿನ್ ಚಾಲೂ ಆಗದಿದ್ದಾಗ ಎಲ್ಲಿಂದ ಪರೀಕ್ಷೆ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಒಳ್ಳೆಯದು.

ಎಂಜಿನ್ನಿಗೆ ಬೇಕಾದುದು ಮೂರೇ

ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ತತ್ವವೇ ಇಂದಿನ ಪಂಪ್‌ಸೆಟ್ಟಿನದೂ ಆಗಿದೆ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿರುವ ಗಾಳಿಯು ಸುಮಾರು 16-17ನೆಯ ಒಂದು ಭಾಗದಷ್ಟು ಜಾಗಕ್ಕೆ ಒತ್ತಲ್ಪಡುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವಂತೆ ಈ ಗಾಳಿಯೂ ಬಿಸಿಯಾಗಿ, ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸಬೇಕು.

ಅಂದರೆ ಬೇಕಾದುದು ಮೂರು: ಡೀಸೆಲ್ ಒಳಗೆ ಬರಬೇಕು, ಗಾಳಿ ಒಳಗೆ ಬಂದು ಬಿಗಿಯಾಗಿ ಒತ್ತಲ್ಪಡಬೇಕು, ಇವೆರಡೂ ಸರಿಯಾದ ಹೊತ್ತಿಗೆ ಕೂಡಬೇಕು. ಚಾಲೂ ಆಗದ ಯಾವ ಎಂಜಿನ್ನಿನಲ್ಲಿಯಾದರೂ ಈ ಮೂರರಲ್ಲಿ ಒಂದು ತಪ್ಪಿರುತ್ತದೆ.

ಬಿಚ್ಚಿ ಜೋಡಿಸಿದ ಎಂಜಿನ್ನಿನ ವಿಷಯದಲ್ಲಿ ಇನ್ನೊಂದು ಮಾತನ್ನು ನೆನಪಿಡಬೇಕು. ಹಳೆಯ ಎಂಜಿನ್ನಿನಲ್ಲಿ ದೋಷ ಸವೆತದಿಂದ ಬರುತ್ತದೆ. ಹೊಸದಾಗಿ ಜೋಡಿಸಿದ ಎಂಜಿನ್ನಿನಲ್ಲಿ ದೋಷ ಬರುವುದು ಕೈಯಿಂದ. ರಿಪೇರಿಗೆ ಮೊದಲು ಹೊಗೆ ಕಾರುತ್ತಲಾದರೂ ನಡೆಯುತ್ತಿದ್ದ ಎಂಜಿನ್ ಈಗ ನಡೆಯದಿದ್ದರೆ, ರಿಪೇರಿಯಲ್ಲಿ ಯಾವ ಭಾಗಗಳನ್ನು ಬಿಚ್ಚಲಾಯಿತೋ ಅವುಗಳಲ್ಲಿಯೇ ಕಾರಣವನ್ನು ಹುಡುಕಬೇಕು. ಆದ್ದರಿಂದ ಎಂಜಿನ್ ತರುವಾಗಲೇ ಏನೇನು ಬಿಚ್ಚಿದರು, ಏನೇನು ಹೊಸದು, ಏನೇನು ಹಳೆಯದು ಎಂದು ಮೆಕ್ಯಾನಿಕ್ಕನನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಹಳೆಯ ಬಿಡಿಭಾಗಗಳನ್ನೂ ಕೇಳಿ ತರಬೇಕು.

ಹೊರಗಿನಿಂದ ಒಳಕ್ಕೆ ಹೋಗುವುದು ಪರೀಕ್ಷೆಯ ಕ್ರಮ. ಐದು ನಿಮಿಷದಲ್ಲಿ ನೋಡಬಹುದಾದುದನ್ನು ಮೊದಲು, ಐದು ಗಂಟೆ ಹಿಡಿಯುವುದನ್ನು ಕೊನೆಗೆ.

ಹ್ಯಾಂಡಲ್ ಹಿಡಿಯುವ ಮೊದಲು

1. ಪಂಚೆ, ಟವೆಲ್, ಸಡಿಲ ಬಟ್ಟೆಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಬೇಕು. ಹ್ಯಾಂಡಲನ್ನು ಸುತ್ತಿ ಹಿಡಿಯಕೂಡದು. ಡೀಸೆಲ್ ಬೇಗ ಚಿಮ್ಮುವಂತೆ ಜೋಡಣೆಯಾಗಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆಗ ಮಣಿಕಟ್ಟು ಮುರಿಯುವ ಸಂಭವವುಂಟು.

2. ಆಯಿಲ್ ಮತ್ತು ತಂಪುಮಾಡುವ ನೀರು ಇವೆಯೇ ನೋಡಬೇಕು. ಡಿಕಂಪ್ರೆಷನ್ ಲಿವರನ್ನು ಎತ್ತಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಲೋಹಕ್ಕೆ ಲೋಹ ತಾಗಿದಂತೆ ತಟ್ಟನೆ ನಿಂತರೆ ಬಲ ಹಾಕಕೂಡದು. ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು. ಇಲ್ಲವೆ ಗ್ಯಾಸ್ಕೆಟ್ ಸೋರಿ ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ನೀರು ಗಾಳಿಯಂತೆ ಒತ್ತಲ್ಪಡುವುದಿಲ್ಲ; ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಎಂಜಿನ್ ಮಾತ್ರ ಹಾಗೆಯೇ ಮೆಕ್ಯಾನಿಕ್ಕನ ಬಳಿಗೆ ಹೋಗಬೇಕು.

3. ತಡೆಯಿಲ್ಲದೆ ತಿರುಗಿದರೆ, ಲಿವರ್ ಎತ್ತಿಯೇ ಒಂದೆರಡು ನಿಮಿಷ ತಿರುಗಿಸಿ ಹೊಸ ಬೇರಿಂಗುಗಳಿಗೆ ಆಯಿಲ್ ತಲಪುವಂತೆ ಮಾಡಬೇಕು.

4. ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ಅಥವಾ ಮುಚ್ಚಿದ ಕೋಣೆಯಲ್ಲಿ ಚಾಲೂ ಮಾಡಿ ನೋಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಲ್ಲಿ ಎಂಜಿನ್ ನಡೆಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಅವರನ್ನು ಎತ್ತಲು ಇಳಿದವರೂ ಸತ್ತ ಸಂದರ್ಭಗಳಿವೆ.

ಮೊದಲನೆಯ ಪರೀಕ್ಷೆ: ಕಣ್ಣಿಗೆ ಕಾಣುವುದು

ಸ್ಟಾಪ್ ಲಿವರ್ ನಿಲ್ಲಿಸುವ ಜಾಗದಲ್ಲಿಯೇ ಉಳಿದಿರಬಹುದು. ಟ್ಯಾಂಕಿನ ಕಾಕ್ ಮುಚ್ಚಿರಬಹುದು. ಟ್ಯಾಂಕಿನ ಮುಚ್ಚಳದಲ್ಲಿರುವ ಸಣ್ಣ ತೂತು ಬಣ್ಣ ಬಳಿದಾಗ ಕಟ್ಟಿಕೊಂಡಿದ್ದರೆ ಡೀಸೆಲ್ ಸ್ವಲ್ಪ ಹೊತ್ತು ಹರಿದು ನಿಂತುಹೋಗುತ್ತದೆ. ಬಿಚ್ಚಿದಾಗ ಕಸ ಬೀಳದಿರಲೆಂದು ಗಾಳಿಯ ದಾರಿಯಲ್ಲಿ ತುರುಕಿದ ಬಟ್ಟೆಯ ಚೂರು ಅಲ್ಲಿಯೇ ಉಳಿದುಬಿಡುವುದೂ ಉಂಟು. ಬಿಚ್ಚಿ ಮೂಲೆಯಲ್ಲಿಟ್ಟ ಸೈಲೆನ್ಸರಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಹೊಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಬರಲೂ ದಾರಿಯಿಲ್ಲ. ಆದ್ದರಿಂದ ಏರ್ ಕ್ಲೀನರ್ ಮತ್ತು ಸೈಲೆನ್ಸರುಗಳನ್ನು ಕಳಚಿ ಒಳಗೆ ಇಣುಕಿ ನೋಡಬೇಕು.

ಎರಡನೆಯ ಪರೀಕ್ಷೆ: ಹೊಗೆ

ಹ್ಯಾಂಡಲನ್ನು ವೇಗವಾಗಿ ತಿರುಗಿಸಿ ಲಿವರನ್ನು ಬಿಟ್ಟಾಗ ಸೈಲೆನ್ಸರಿನ ಬಾಯಿಯನ್ನು ಒಬ್ಬರು ಗಮನಿಸುತ್ತಿರಬೇಕು. ಈ ಒಂದು ನೋಟವೇ ಅರ್ಧ ಕೆಲಸವನ್ನು ಮುಗಿಸುತ್ತದೆ.

ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರನ್ನು ತಲಪುತ್ತಿಲ್ಲ. ಮೂರನೆಯ ಪರೀಕ್ಷೆಗೆ ಹೋಗಬೇಕು. ಇಂಥ ಎಂಜಿನ್ನಿನ ಹೆಡ್ಡನ್ನು ಬಿಚ್ಚಲು ಯಾವ ಕಾರಣವೂ ಇಲ್ಲ.

ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಗಾಳಿ ಸಾಕಷ್ಟು ಒತ್ತಲ್ಪಡುತ್ತಿಲ್ಲ, ಇಲ್ಲವೆ ಡೀಸೆಲ್ ತಪ್ಪಿದ ಹೊತ್ತಿನಲ್ಲಿ ಚಿಮ್ಮುತ್ತಿದೆ, ಇಲ್ಲವೆ ಡೀಸೆಲಿನಲ್ಲಿ ನೀರಿದೆ. ನೀರಿನ ಸಂಶಯವಿದ್ದರೆ ಟ್ಯಾಂಕಿನ ತಳದಿಂದ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ನಿಲ್ಲಿಸಿದರೆ ನೀರು ಕೆಳಗೆ ನಿಂತು ಕಾಣುತ್ತದೆ. ನೀರಿಲ್ಲದಿದ್ದರೆ ನಾಲ್ಕನೆಯ ಪರೀಕ್ಷೆಗೆ ಹೋಗಬಹುದು.

ಒಂದೆರಡು ಬಾರಿ ಹೊಡೆದು ಕಪ್ಪು ಹೊಗೆ ಬಿಟ್ಟು ನಿಂತರೆ ಗಾಳಿಯ ದಾರಿಯಲ್ಲಿ ಅಡಚಣೆಯಿದೆ ಅಥವಾ ನಾಜಲ್ ಡೀಸೆಲನ್ನು ಸಿಂಪಡಿಸದೆ ಸುರಿಯುತ್ತಿದೆ.

ಮೂರನೆಯ ಪರೀಕ್ಷೆ: ಡೀಸೆಲ್

ಬಿಚ್ಚಿ ಜೋಡಿಸಿದ ಎಂಜಿನ್ನಿನ ಪೈಪುಗಳಲ್ಲಿ ಗಾಳಿ ತುಂಬಿಯೇ ಇರುತ್ತದೆ. ಫ್ಯುಯೆಲ್ ಪಂಪ್ ಡೀಸೆಲನ್ನು ತಳ್ಳಬಲ್ಲದು. ಗಾಳಿಯಿದ್ದರೆ ಅದನ್ನು ಒತ್ತಿ ಒತ್ತಿ ಬಿಡುತ್ತದೆಯೇ ಹೊರತು ನಾಜಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ. ಗಾಳಿಯನ್ನು ತೆಗೆಯುವ ಕ್ರಮ ಹೀಗಿದೆ:

1. ಟ್ಯಾಂಕನ್ನು ಅರ್ಧಕ್ಕಿಂತ ಹೆಚ್ಚು ತುಂಬಿ ಕಾಕ್ ತೆರೆಯಬೇಕು.

2. ಫಿಲ್ಟರಿನ ಮೇಲಿರುವ ಗಾಳಿ ತೆಗೆಯುವ ಸ್ಕ್ರೂವನ್ನು ಸಡಿಲಿಸಬೇಕು. ಗುಳ್ಳೆಗಳು ನಿಂತು ಬರಿಯ ಡೀಸೆಲ್ ಹರಿದ ಮೇಲೆ, ಅದು ಹರಿಯುತ್ತಿರುವಾಗಲೇ ಬಿಗಿ ಮಾಡಬೇಕು.

3. ಫ್ಯುಯೆಲ್ ಪಂಪಿನ ಸ್ಕ್ರೂವಿನಲ್ಲಿಯೂ ಹೀಗೆಯೇ ಮಾಡಬೇಕು.

4. ನಾಜಲ್ಲಿಗೆ ಹೋಗುವ ಒತ್ತಡದ ಪೈಪಿನ ನಟ್ಟನ್ನು ನಾಜಲ್ಲಿನ ಕಡೆ ಸ್ವಲ್ಪ ಸಡಿಲಿಸಿ, ಲಿವರ್ ಎತ್ತಿ ತಿರುಗಿಸಬೇಕು. ಡೀಸೆಲ್ ಗುಳ್ಳೆಯಿಲ್ಲದೆ ತಡೆತಡೆದು ಉಕ್ಕಿದಾಗ ಬಿಗಿ ಮಾಡಬೇಕು.

ಈಗ ತಿರುಗಿಸಿದರೆ ಎರಡು ಸುತ್ತಿಗೊಮ್ಮೆ ನಾಜಲ್ಲಿನಿಂದ "ಕರ್ ಕರ್" ಎಂಬ ಶಬ್ದ ಕೇಳಬೇಕು. ಶಬ್ದ ಕೇಳಿದರೆ ಡೀಸೆಲಿನ ದಾರಿ ಸರಿಯಾಗಿದೆ ಎಂದು ತಿಳಿಯಬಹುದು.

ಗಾಳಿ ತೆಗೆದಷ್ಟೂ ಮತ್ತೆ ಬರುತ್ತಿದ್ದರೆ ಎಲ್ಲಿಯೋ ಸೇರುತ್ತಿದೆ. ಪೈಪಿನ ಕೊನೆಗಳಲ್ಲಿರುವ ತಾಮ್ರದ ವಾಷರುಗಳು ಒಮ್ಮೆ ಒತ್ತಿದ ಮೇಲೆ ಗಟ್ಟಿಯಾಗುತ್ತವೆ. ಹಳೆಯ ವಾಷರನ್ನೇ ಮತ್ತೆ ಹಾಕಿದರೆ ಅದು ಸರಿಯಾಗಿ ಕೂಡುವುದಿಲ್ಲ. ಇದರ ಬೆಲೆ ಅತ್ಯಲ್ಪ. ಆದರೆ ಸಾವಿರಾರು ರೂಪಾಯಿಗಳ ರಿಪೇರಿಯನ್ನು ಇದು ನಿಷ್ಫಲಗೊಳಿಸಬಲ್ಲದು. ಫಿಲ್ಟರಿನ ರಬ್ಬರ್ ರಿಂಗು ಮಡಿಚಿಕೊಂಡಿದ್ದರೂ ಇದೇ ತೊಂದರೆ.

ನಾಜಲ್ಲಿನವರೆಗೆ ಡೀಸೆಲ್ ಬಾರದಿದ್ದರೆ ಫ್ಯುಯೆಲ್ ಪಂಪನ್ನು ಕೂಡಿಸಿದ ಬಗೆಯನ್ನು ನೋಡಬೇಕು. ಪಂಪಿನ ಪಕ್ಕದಲ್ಲಿ ಹಿಂದೆ ಮುಂದೆ ಸರಿಯುವ ಹಲ್ಲಿನ ಸರಳು ಇರುತ್ತದೆ. ಇದನ್ನು ರ್ಯಾಕ್ ಎನ್ನುತ್ತಾರೆ. ಇದರ ತುದಿ ಗವರ್ನರಿನ ಕವೆಯಲ್ಲಿ ಸಿಕ್ಕಿಕೊಂಡಿರಬೇಕು. ಪಂಪನ್ನು ಕೂಡಿಸುವಾಗ ಇದು ತಪ್ಪಿ ಹೊರಗುಳಿದರೆ, ರ್ಯಾಕ್ ಡೀಸೆಲ್ ಇಲ್ಲದ ಕಡೆ ನಿಂತಿದ್ದಲ್ಲಿ ಎಂಜಿನ್ ಚಾಲೂ ಆಗದು. ಪೂರ್ತಿ ಡೀಸೆಲ್ ಕೊಡುವ ಕಡೆ ನಿಂತಿದ್ದರಂತೂ ಅಪಾಯ. ಎಂಜಿನ್ ಚಾಲೂ ಆದೊಡನೆ ಹತೋಟಿ ತಪ್ಪಿ ವೇಗವಾಗಿ ಓಡಿ ಒಡೆದುಹೋಗಬಹುದು. ಆದ್ದರಿಂದ ಮೊದಲ ಸಲ ಚಾಲೂ ಮಾಡುವಾಗ ಗಾಳಿಯ ದಾರಿಯನ್ನು ಮುಚ್ಚಲು ಒಂದು ದಪ್ಪ ಹಲಗೆಯನ್ನು ಹತ್ತಿರವೇ ಇಟ್ಟುಕೊಂಡಿರಬೇಕು. ಅಂಗೈಯಿಂದ ಮುಚ್ಚಕೂಡದು.

ನಾಜಲ್ಲಿನ ಸಂಶಯವಿದ್ದರೆ ಅದನ್ನು ಹೆಡ್ಡಿನಿಂದ ತೆಗೆದು ಹೊರಮುಖವಾಗಿ ಪೈಪಿಗೆ ಜೋಡಿಸಿ ತಿರುಗಿಸಬೇಕು. ಡೀಸೆಲ್ ಮಂಜಿನಂತೆ ಹರಡಬೇಕು; ಧಾರೆಯಾಗಿ ಬೀಳಬಾರದು, ನಿಂತ ಮೇಲೆ ತೊಟ್ಟಿಕ್ಕಬಾರದು. ಈ ಎಂಜಿನ್ನುಗಳಲ್ಲಿ ನಾಜಲ್ ತೆರೆಯುವುದು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ ಒತ್ತಡದಲ್ಲಿ. ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಕೈ, ಮುಖ ದೂರವಿರಬೇಕು. ಹಾಗೆ ಡೀಸೆಲ್ ಒಳಸೇರಿದರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಜಲ್ಲಿನ ಒತ್ತಡವನ್ನು ಊಹೆಯಿಂದ ಸರಿಪಡಿಸಲಾಗದು. ಪರೀಕ್ಷಿಸುವ ಯಂತ್ರವಿರುವ ಕಡೆ ಮಾಡಿಸಬೇಕು. ನಾಜಲ್ಲಿನ ಸೂಜಿ ಮತ್ತು ಅದರ ಒಡಲು ಒಂದಕ್ಕೊಂದು ಹೊಂದಿಸಿ ತಯಾರಾದ ಜೋಡಿ. ಒಂದರ ಸೂಜಿಯನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ನಾಜಲನ್ನು ಮತ್ತೆ ಕೂಡಿಸುವಾಗ ಅದರ ಗುಂಡಿಯಲ್ಲಿ ಹಳೆಯ ವಾಷರ್ ಅಂಟಿಕೊಂಡಿದೆಯೇ ಎಂದು ಬೆಳಕು ಬಿಟ್ಟು ನೋಡಬೇಕು. ಒಂದರ ಮೇಲೊಂದು ಎರಡು ವಾಷರುಗಳಾದರೆ ನಾಜಲ್ ಮೇಲಕ್ಕೆದ್ದು ಸಿಂಪಡಿಕೆ ತಪ್ಪುತ್ತದೆ.

ನಾಲ್ಕನೆಯ ಪರೀಕ್ಷೆ: ಕಂಪ್ರೆಷನ್

ಲಿವರನ್ನು ಬಿಟ್ಟು ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ಎರಡು ಸುತ್ತಿಗೊಮ್ಮೆ ಬಲವಾದ ತಡೆ ಸಿಗಬೇಕು. ಬಿಟ್ಟರೆ ಹಿಂದಕ್ಕೆ ಪುಟಿಯಬೇಕು. ಹಗುರವಾಗಿ ತಿರುಗಿಹೋದರೆ ಗಾಳಿ ಎಲ್ಲಿಯೋ ತಪ್ಪಿಸಿಕೊಳ್ಳುತ್ತಿದೆ.

ಮೊದಲು ನೋಡಬೇಕಾದುದು ಟ್ಯಾಪೆಟ್ಟಿನ ಸಂದು. ವಾಲ್ವುಗಳನ್ನು ಹೊಸದಾಗಿ ಅರೆದು ಕೂಡಿಸಿದಾಗ ಅವು ಹೆಡ್ಡಿನಲ್ಲಿ ಇನ್ನಷ್ಟು ಒಳಕ್ಕೆ ಕೂಡುತ್ತವೆ. ಅವುಗಳ ಕಾಂಡ ರಾಕರಿನ ಕಡೆ ಮೇಲೆ ಬರುತ್ತದೆ. ಸಂದನ್ನು ಮತ್ತೆ ಸರಿಪಡಿಸದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಎರಡೂ ವಾಲ್ವುಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗುವ ಜಾಗಕ್ಕೆ ತಂದು, ಅಲ್ಲಿಂದ ಫ್ಲೈವೀಲನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಕಂಪ್ರೆಷನ್ನಿನ ಮೇಲ್ತುದಿ ಸಿಗುತ್ತದೆ. ಅಲ್ಲಿ ಎರಡೂ ವಾಲ್ವುಗಳು ಮುಚ್ಚಿರಬೇಕು. ಫೀಲರ್ ಗೇಜ್ ಹಿಡಿದು, ಎಂಜಿನ್ ತಣ್ಣಗಿರುವಾಗ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಸಂದನ್ನು ಇಡಬೇಕು. ಡಿಕಂಪ್ರೆಷನ್ ಲಿವರ್ ಕೆಳಗಿಳಿಸಿದ ಮೇಲೂ ವಾಲ್ವನ್ನು ಒತ್ತಿ ಹಿಡಿದಿದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಬಹುದು. ಪುಷ್‌ರಾಡ್ ತನ್ನ ಬಟ್ಟಲಿನಿಂದ ಜಾರಿದ್ದರೆ ಅದೂ ಕಾಣುತ್ತದೆ.

ಇವು ಸರಿಯಿದ್ದೂ ತಡೆ ಕಡಮೆಯಿದ್ದರೆ ನಾಜಲನ್ನು ತೆಗೆದು ಆ ತೂತಿನಿಂದ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಹಾಕಬೇಕು. ಲಿವರ್ ಎತ್ತಿ ಕೆಲವು ಸುತ್ತು ತಿರುಗಿಸಿ, ನಾಜಲನ್ನು ಕೂಡಿಸಿ ಮತ್ತೆ ನೋಡಬೇಕು. ಈಗ ತಡೆ ಹೆಚ್ಚಾದರೆ ಗಾಳಿ ರಿಂಗುಗಳ ಕಡೆ ಸೋರುತ್ತಿತ್ತು. ಹೊಸ ರಿಂಗುಗಳು ಹೊಸ ಲೈನರಿಗೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಆಯಿಲ್ ಸವರದೆ ಜೋಡಿಸಿದ್ದರೆ ಮೊದಲ ಸಲ ಇದೇ ತೊಂದರೆ. ಹಾಕಿದ ಆಯಿಲಿನಿಂದಲೇ ಎಂಜಿನ್ ಹೊತ್ತಿಕೊಂಡು, ಮುಂದೆ ರಿಂಗುಗಳು ಹೊಂದಿಕೊಂಡು ಸರಿಹೋಗಬಹುದು. ಆಯಿಲ್ ಹಾಕಿದರೂ ತಡೆ ಹೆಚ್ಚದಿದ್ದರೆ ದೋಷ ವಾಲ್ವು ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ಏರ್ ಕ್ಲೀನರಿನ ಕಡೆ "ಸುಸ್" ಎಂದರೆ ಒಳಬರುವ ವಾಲ್ವು, ಸೈಲೆನ್ಸರಿನ ಕಡೆಯಾದರೆ ಹೊರಹೋಗುವ ವಾಲ್ವು, ತಂಪುನೀರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಒಂದು ಚಮಚಕ್ಕಿಂತ ಹೆಚ್ಚು ಆಯಿಲ್ ಹಾಕಕೂಡದು. ಪಿಸ್ಟನ್ನಿನ ಮೇಲಿರುವ ಜಾಗ ಬಹು ಚಿಕ್ಕದು.

ಆ ಜಾಗ ಎಷ್ಟು ಚಿಕ್ಕದೆಂಬುದಕ್ಕೆ ಒಂದು ಲೆಕ್ಕ. 80 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಪಿಸ್ಟನ್ 110 ಮಿಲಿಮೀಟರ್ ಚಲಿಸಿದರೆ ಅದು ತುಂಬುವ ಗಾಳಿ ಸುಮಾರು 553 ಘನ ಸೆಂಟಿಮೀಟರ್. ಕಂಪ್ರೆಷನ್ ಪ್ರಮಾಣ ಹದಿನಾರೂವರೆ ಇರಬೇಕಾದರೆ ಮೇಲ್ತುದಿಯಲ್ಲಿ ಉಳಿಯಬೇಕಾದ ಜಾಗ ಸುಮಾರು 36 ಘನ ಸೆಂಟಿಮೀಟರ್ ಮಾತ್ರ. ಮೊದಲಿದ್ದುದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪವಾದ ಗ್ಯಾಸ್ಕೆಟ್ ಹಾಕಿದರೆ ಈ ಜಾಗ ಎರಡೂವರೆ ಘನ ಸೆಂಟಿಮೀಟರ್ ಹೆಚ್ಚುತ್ತದೆ. ಪ್ರಮಾಣ ಸುಮಾರು ಹದಿನೈದೂವರೆಗೆ ಇಳಿಯುತ್ತದೆ. ಹೊಸ ಎಂಜಿನ್ ಚಳಿಯ ಬೆಳಗಿನಲ್ಲಿ ಚಾಲೂ ಆಗಲು ಕಷ್ಟಪಡುವುದಕ್ಕೆ ಇಷ್ಟೇ ಸಾಕು. ಗ್ಯಾಸ್ಕೆಟ್ ತೆಳುವಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ. ಆದ್ದರಿಂದ ಹೆಡ್ ಕೂಡಿಸುವಾಗ ಪಿಸ್ಟನ್ನಿನ ಮೇಲೆ ಮೆತ್ತನೆಯ ಸೀಸದ ತಂತಿಯ ತುಂಡನ್ನಿಟ್ಟು, ಹೆಡ್ಡನ್ನು ಬಿಗಿದು, ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪವನ್ನು ಅಳೆದು ಕೈಪಿಡಿಯೊಡನೆ ಹೋಲಿಸುವ ಪದ್ಧತಿಯಿದೆ. ಹೀಗೆ ಅಳೆದರೇ ಎಂದು ಮೆಕ್ಯಾನಿಕ್ಕನನ್ನು ಕೇಳುವ ಹಕ್ಕು ರೈತರಿಗಿದೆ.

ಐದನೆಯ ಪರೀಕ್ಷೆ: ಹೊತ್ತು

ಡೀಸೆಲ್ ಬರುತ್ತಿದೆ, ಕಂಪ್ರೆಷನ್ ಇದೆ, ಆದರೂ ಬಿಳಿ ಹೊಗೆ ಬಿಟ್ಟು ಸುಮ್ಮನಾಗುತ್ತದೆ ಅಥವಾ ಹಿಂದಕ್ಕೆ ಒದೆಯುತ್ತದೆ ಎಂದರೆ ಹೊತ್ತು ತಪ್ಪಿದೆ. ಕ್ರ್ಯಾಂಕ್‌ಶಾಫ್ಟಿನ ಗಿಯರ್ ಮತ್ತು ಕ್ಯಾಮ್‌ಶಾಫ್ಟಿನ ಗಿಯರುಗಳ ಮೇಲೆ ಗುರುತುಗಳಿರುತ್ತವೆ. ಜೋಡಿಸುವಾಗ ಇವು ಎದುರುಬದುರಾಗಿರಬೇಕು. ಕ್ರ್ಯಾಂಕ್ ಗಿಯರಿನಲ್ಲಿ 30 ಹಲ್ಲುಗಳಿದ್ದರೆ ಒಂದು ಹಲ್ಲು ತಪ್ಪಿದರೂ 12 ಡಿಗ್ರಿ ವ್ಯತ್ಯಾಸವಾಗುತ್ತದೆ.

ಗಿಯರಿನ ಮುಚ್ಚಳವನ್ನು ಬಿಚ್ಚದೆ ಇದನ್ನು ಅಂದಾಜು ಮಾಡಬಹುದು. ಎರಡೂ ವಾಲ್ವುಗಳು ತೂಗುವ ಜಾಗದಲ್ಲಿ ಫ್ಲೈವೀಲಿನ ಮೇಲ್ತುದಿಯ ಗುರುತು ಅದರ ಸೂಚಿಯ ಹತ್ತಿರವೇ ಇರಬೇಕು. ಬಹಳ ದೂರವಿದ್ದರೆ ಗಿಯರ್ ತಪ್ಪಾಗಿ ಕೂಡಿದೆ.

ಗಿಯರ್ ಸರಿಯಿದ್ದರೆ ಡೀಸೆಲ್ ಚಿಮ್ಮುವ ಹೊತ್ತನ್ನು ನೋಡಬೇಕು. ಪಿಸ್ಟನ್ ಮೇಲ್ತುದಿ ತಲಪುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೊದಲು ಪಂಪ್ ಡೀಸೆಲನ್ನು ತಳ್ಳಲು ಆರಂಭಿಸುತ್ತದೆ. ನಿಖರವಾದ ಅಂಕಿ ಕೈಪಿಡಿಯಲ್ಲಿರುತ್ತದೆ. ಸ್ಟಾಪ್ ಲಿವರನ್ನು ಓಡುವ ಜಾಗದಲ್ಲಿಟ್ಟು, ಪಂಪಿನ ಮೇಲಿನ ಒತ್ತಡದ ಪೈಪನ್ನು ತೆಗೆಯಬೇಕು. ಅಲ್ಲಿ ನಿಂತ ಡೀಸೆಲಿನ ಮಟ್ಟವನ್ನು ನೋಡುತ್ತ ಫ್ಲೈವೀಲನ್ನು ಓಡುವ ದಿಕ್ಕಿನಲ್ಲಿ ಅತಿ ನಿಧಾನವಾಗಿ ತಿರುಗಿಸಬೇಕು. ಮಟ್ಟ ಅಲುಗಿ ಏರಿದ ಕ್ಷಣದಲ್ಲಿ ನಿಲ್ಲಿಸಿ, ಮೇಲ್ತುದಿಯ ಗುರುತು ಸೂಚಿಯಿಂದ ಎಷ್ಟು ದೂರವಿದೆಯೆಂದು ಫ್ಲೈವೀಲಿನ ಅಂಚಿನ ಮೇಲೆ ದಾರದಿಂದ ಅಳೆಯಬೇಕು. ಉದಾಹರಣೆಗೆ 45 ಸೆಂಟಿಮೀಟರ್ ವ್ಯಾಸದ ಫ್ಲೈವೀಲಿನ ಸುತ್ತಳತೆ ಸುಮಾರು 141 ಸೆಂಟಿಮೀಟರ್. ಕೈಪಿಡಿಯಲ್ಲಿ 23 ಡಿಗ್ರಿ ಎಂದಿದ್ದರೆ ಈ ದೂರ ಸುಮಾರು 9 ಸೆಂಟಿಮೀಟರ್ ಇರಬೇಕು. ಪಂಪಿನ ಬುಡದಲ್ಲಿರುವ ತೆಳು ತಗಡುಗಳಿಂದ ಇದನ್ನು ಸರಿಪಡಿಸುತ್ತಾರೆ. ತಗಡು ಹೆಚ್ಚಿಸಿದರೆ ಡೀಸೆಲ್ ತಡವಾಗಿ, ಕಡಮೆ ಮಾಡಿದರೆ ಬೇಗ ಚಿಮ್ಮುತ್ತದೆ. ಪಂಪನ್ನು ಬಿಚ್ಚಿದಾಗ ಈ ತಗಡುಗಳಲ್ಲಿ ಒಂದು ಕಳೆದುಹೋದರೂ ಹೊತ್ತು ತಪ್ಪುತ್ತದೆ.

ಟ್ರ್ಯಾಕ್ಟರ್ ಎಂಜಿನ್ನುಗಳಲ್ಲಿ

ತತ್ವ ಇದೇ; ತಪ್ಪುವ ಜಾಗಗಳು ಇನ್ನು ಕೆಲವು. ಹೊಸದಾಗಿ ಬಣ್ಣ ಬಳಿದ ಜಾಗದ ಮೇಲೆಯೇ ಬ್ಯಾಟರಿಯ ಅರ್ಥ್ ತಂತಿಯನ್ನು ಬಿಗಿದರೆ ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ. ನಿಧಾನವಾಗಿ ಒತ್ತಿದ ಗಾಳಿ ಕಾಯುವುದಿಲ್ಲ. ನಾಜಲ್ ಪೈಪುಗಳು ಅದಲುಬದಲಾಗಿರಬಹುದು. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಹೊಡೆಯುವ ಕ್ರಮ ಸಾಮಾನ್ಯವಾಗಿ 1-3-4-2. ಫ್ಯುಯೆಲ್ ಪಂಪಿನ ಗಿಯರನ್ನು ಅರ್ಧ ಸುತ್ತು ತಪ್ಪಿಸಿ ಕೂಡಿಸಿದರೆ ಹೊಗೆ ಹೊರದೂಡುವ ಹೊತ್ತಿನಲ್ಲಿ ಡೀಸೆಲ್ ಚಿಮ್ಮುತ್ತದೆ. ಸ್ಟಾರ್ಟರನ್ನು ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಒಂದು ನಿಮಿಷ ಬಿಡಬೇಕು. ಕಾಮನ್ ರೈಲ್ ಪದ್ಧತಿಯ ಹೊಸ ಟ್ರ್ಯಾಕ್ಟರುಗಳಲ್ಲಿ ಒತ್ತಡ ಇದಕ್ಕಿಂತ ಅನೇಕ ಪಟ್ಟು ಹೆಚ್ಚು. ಅವುಗಳ ಪೈಪಿನ ನಟ್ಟುಗಳನ್ನು ಹೊಲದಲ್ಲಿ ಸಡಿಲಿಸಲೇಕೂಡದು.

ಮಾಡಬಾರದ ಕೆಲಸಗಳು

ಗಾಳಿಯ ದಾರಿಯಲ್ಲಿ ಪೆಟ್ರೋಲ್ ಅಥವಾ ಈಥರ್ ಬಿಡುವುದು, ಹೊತ್ತಿಸಿದ ಚಿಂದಿಯನ್ನು ಹಿಡಿಯುವುದು, ಟ್ರ್ಯಾಕ್ಟರಿನ ಬೆಲ್ಟಿನಿಂದ ಬಲವಂತವಾಗಿ ತಿರುಗಿಸುವುದು ಇವೆಲ್ಲ ಹೊಸ ಎಂಜಿನ್ನಿಗೆ ಹಾನಿಕರ. ಪೆಟ್ರೋಲ್ ಆವಿ ಹೊತ್ತಿಗೆ ಮೊದಲೇ ಸಿಡಿದು ಹೊಸ ರಿಂಗುಗಳನ್ನು ಮುರಿಯಬಹುದು; ಬೆಂಕಿ ಹಿಡಿದು ಮೈ ಸುಡಬಹುದು. ಡೀಸೆಲ್ ಬಿಟ್ಟುಕೊಂಡು ಗಂಟೆಗಟ್ಟಲೆ ಹ್ಯಾಂಡಲ್ ತಿರುಗಿಸಿದರೆ ಉರಿಯದ ಡೀಸೆಲ್ ಲೈನರಿನ ಆಯಿಲನ್ನು ತೊಳೆದುಬಿಡುತ್ತದೆ. ಹತ್ತು ಸಲ ಪ್ರಯತ್ನಿಸಿದರೂ ಆಗದಿದ್ದರೆ ಹನ್ನೊಂದನೆಯ ಸಲ ಹ್ಯಾಂಡಲ್ ಹಿಡಿಯದೆ, ಪರೀಕ್ಷೆಗೆ ಕೂಡಬೇಕು.

ಚಾಲೂ ಆದ ಮೇಲೆ

ಆಯಿಲ್ ಮೇಲೆ ಬರುತ್ತಿದೆಯೇ ಎಂದು ಮೊದಲ ನಿಮಿಷದಲ್ಲಿಯೇ ನೋಡಬೇಕು. ಮೊದಲು ಹೊರೆಯಿಲ್ಲದೆ, ಆಮೇಲೆ ಅರ್ಧ ಹೊರೆಯಲ್ಲಿ ನಡೆಸಿ, ನಂತರವೇ ಪೂರ್ತಿ ಹೊರೆ ಕೊಡಬೇಕು. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗಳಾದ ಮೇಲೆ ಹೆಡ್ಡಿನ ನಟ್ಟುಗಳ ಬಿಗಿಯನ್ನೂ ಟ್ಯಾಪೆಟ್ಟಿನ ಸಂದನ್ನೂ ಮತ್ತೆ ನೋಡಿ, ಮೊದಲ ಆಯಿಲನ್ನು ಬದಲಿಸಬೇಕು. ಹೊಸ ಭಾಗಗಳು ಉಜ್ಜಿ ಬಿಟ್ಟ ಲೋಹದ ಪುಡಿ ಆ ಆಯಿಲಿನಲ್ಲಿರುತ್ತದೆ.

ಒಂದು ನೋಟದಲ್ಲಿ

ಹೊಗೆ ಇಲ್ಲ, ನಾಜಲ್ ಶಬ್ದವಿಲ್ಲ: ಸ್ಟಾಪ್ ಲಿವರ್, ಕಾಕ್, ಪೈಪಿನಲ್ಲಿ ಗಾಳಿ, ವಾಷರ್, ರ್ಯಾಕ್.
ಬಿಳಿ ಹೊಗೆ, ಹ್ಯಾಂಡಲ್ ಹಗುರ: ಟ್ಯಾಪೆಟ್ ಸಂದು, ಲಿವರ್, ರಿಂಗು, ವಾಲ್ವು, ಗ್ಯಾಸ್ಕೆಟ್.
ಬಿಳಿ ಹೊಗೆ, ಹ್ಯಾಂಡಲ್ ಬಿಗಿ: ಡೀಸೆಲಿನಲ್ಲಿ ನೀರು, ಗಿಯರ್ ಗುರುತು, ಪಂಪಿನ ತಗಡು.
ಹಿಂದಕ್ಕೆ ಒದೆತ: ಡೀಸೆಲ್ ಬೇಗ ಚಿಮ್ಮುತ್ತಿದೆ.
ಕಪ್ಪು ಹೊಗೆ ಬಿಟ್ಟು ನಿಲ್ಲುತ್ತದೆ: ಏರ್ ಕ್ಲೀನರ್, ಸೈಲೆನ್ಸರ್, ನಾಜಲ್.
ತಟ್ಟನೆ ನಿಲ್ಲುತ್ತದೆ: ಬಲ ಹಾಕದೆ ಮೆಕ್ಯಾನಿಕ್ಕನನ್ನು ಕರೆಯಿರಿ.

ಮೊದಲ ಮೂರು ಪರೀಕ್ಷೆಗಳಿಗೆ ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಗಂಟೆಯ ಸಮಯ ಸಾಕು. ನಾಲ್ಕನೆಯದಕ್ಕೆ ಒಂದು ಫೀಲರ್ ಗೇಜ್ ಬೇಕು. ಐದನೆಯದನ್ನು ತಿಳಿದವರೊಡನೆ ಮಾಡುವುದು ಲೇಸು. ಮೆಕ್ಯಾನಿಕ್ಕನನ್ನು ಕರೆಯಲೇಬೇಕಾದರೂ "ಎಂಜಿನ್ ಚಾಲೂ ಆಗುತ್ತಿಲ್ಲ" ಎನ್ನುವುದಕ್ಕಿಂತ "ನಾಜಲ್ ಕರ್ ಎನ್ನುತ್ತದೆ, ಬಿಳಿ ಹೊಗೆ ಬರುತ್ತದೆ, ಹ್ಯಾಂಡಲ್ ಹಗುರವಾಗಿದೆ" ಎಂದು ಹೇಳಿದರೆ ಆತ ಬೇಕಾದ ಸಾಮಾನುಗಳೊಡನೆಯೇ ಬರುತ್ತಾನೆ. ಒಂದು ದಿನ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ರಿಪೇರಿಯ ಕಾಲ. ಶೇಂಗಾಕ್ಕೆ ಸೂಜಿ ಇಳಿಯುವಾಗ ಮತ್ತು ಕಾಯಿ ಬಲಿಯುವಾಗ, ಮುಸುಕಿನ ಜೋಳಕ್ಕೆ ಸೂಲಂಗಿ ಮತ್ತು ರೇಷ್ಮೆ ಬರುವಾಗ, ಭತ್ತಕ್ಕೆ ತೆನೆ ಹುಟ್ಟಿ ಹೂವಾಡುವಾಗ ನೀರು ತಪ್ಪಕೂಡದು. ಈ ಹಂತಗಳಲ್ಲಿ ತಪ್ಪಿದ ನೀರನ್ನು ಆಮೇಲೆ ಎಷ್ಟು ಕೊಟ್ಟರೂ ತುಂಬಿಕೊಡಲಾಗದು. ಆದ್ದರಿಂದ ಎಂಜಿನ್ನನ್ನು ಬಿಚ್ಚಿಸುವ ಕೆಲಸವನ್ನು ಬಿತ್ತನೆಗೆ ಮೊದಲೇ ಮುಗಿಸಿ, ಅಂಗಡಿಯಲ್ಲಿಯೇ ಚಾಲೂ ಮಾಡಿಸಿ ನೋಡಿ, ಹೊಲಕ್ಕೆ ತಂದ ಮೇಲೆ ಮತ್ತೊಮ್ಮೆ ನೀರೆತ್ತಿ ನೋಡಬೇಕು. ಬೆಳೆ ನೀರು ಕೇಳುವ ದಿನ ಎಂಜಿನ್ ಸಿದ್ಧವಾಗಿರಬೇಕು.